ಗಾಳಿ ಹೇಳಿದ ಸಾಕ್ಷಿ

ಹೊಲಿಗೆ ಯಂತ್ರದ ಮೆಕ್ಯಾನಿಕ್ ಬಾಯಿ ಮುಚ್ಚಿಕೊಂಡು ತಿಂಡಿ ತಿಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕಂಪನಿ ಕೆಲಸದ ಮೇಲೆ ಮೊದಲ ಸಲ ವಿಮಾನ ಹತ್ತಿ ಬಂದವನು ಸುಮ್ಮನಿರುವುದುಂಟೆ? "ಹೋಗೋವಾಗ ಒಂಬತ್ತು ಗಂಟೆ ಹಿಡೀತು, ಬರೋವಾಗ ಏಳೂವರೆ ಗಂಟೇಲೇ ಮುಗಿದುಹೋಯ್ತು" ಎಂದು ಜಂಬ ಕೊಚ್ಚಿಕೊಂಡ.

ಅತ್ತೆಯ ಕೈಯ ಲೋಟ ಅರ್ಧದಲ್ಲೇ ನಿಂತಿತು.

"ದಾರಿ ಒಂದೇ ಅಲ್ವಾ ಅಳಿಯಂದ್ರೇ? ಹೋಗೋವಾಗ ಮಾತ್ರ ಹೇಗೆ ಉದ್ದ ಆಯ್ತು?"

"ಆ ಒಂದೂವರೆ ಗಂಟೆ ಎಲ್ಲಿ ಇಳಿದಿದ್ರಿ?" ಎಂದಳು ಹೆಂಡತಿ.

"ಆಕಾಶದಲ್ಲಿ ಎಲ್ಲೇ ಇಳಿಯೋದು!"

ಜಗಳದ ವಾಸನೆ ಹಿಡಿದು ಮೇಲಿನ ಮನೆಯ ಗಣಿತದ ಮೇಷ್ಟ್ರು ಮೊಮ್ಮಗಳ ಗ್ಲೋಬು ಹಿಡಿದು ಇಳಿದು ಬಂದರು. ಮೆಕ್ಯಾನಿಕ್ಕನದೇ ದಾರದುಂಡೆ ಬಿಚ್ಚಿ, ಎರಡು ಊರುಗಳ ನಡುವೆ ಎಳೆದು ಅಳೆದರು.

"ಹೋಗೋದು ನಾಲ್ಕು ಬೆರಳು, ಬರೋದೂ ನಾಲ್ಕೇ ಬೆರಳು. ಇದರಲ್ಲಿ ಏನೋ ಮಸಲತ್ತಿದೆಯಮ್ಮಾ."

"ಮೇಷ್ಟ್ರೇ, ಮೇಲೆ ಗಾಳಿ ಇರುತ್ತಂತೆ..."

"ಗಾಳಿ ಮಾತು ಬೇಡ. ಲೆಕ್ಕ ಲೆಕ್ಕವೇ."

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲಿನ ತುಂಬ ಗುಸುಗುಸು. ಆ ಊರಿನ ದಾರಿಯಲ್ಲಿ ಅವನಿಗೊಂದು ಎರಡನೇ ಸಂಸಾರವಿದೆಯೆಂದು ಕೆಳಮನೆಯವರು ಆಗಲೇ ತೀರ್ಮಾನಿಸಿದ್ದರು. ಹೆಂಡತಿ ಕಣ್ಣೊರೆಸಿಕೊಂಡು ತನ್ನ ನಾಲ್ಕು ಸೀರೆಗಳನ್ನು ಅಮ್ಮನ ಬ್ಯಾಗಿಗೆ ತುರುಕಿದಳು. "ನಿಜ ಹೇಳಿ, ಇಲ್ಲಾಂದ್ರೆ ಅಮ್ಮನ ಜೊತೆ ಹೊರಟೆ" ಎಂದಳು. ಅವಳಿಲ್ಲದ ಮನೆಯನ್ನು ನೆನೆಸಿಕೊಂಡೇ ಮೆಕ್ಯಾನಿಕ್ಕನಿಗೆ ಅಳು ಬಂತು.

ಕೊನೆಗೆ ವಿಮಾನ ಕಂಪನಿಗೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಟಿಕೆಟ್ ನಂಬರ್ ಹೇಳಿ ವಿಚಾರಿಸಿದ.

"ಹೌದು ಸಾರ್, ದೂರ ಒಂದೇ" ಎಂದಳು ಆ ಕಡೆಯ ಹುಡುಗಿ. "ಆದ್ರೆ ಹೋಗೋವಾಗ ಎದುರುಗಾಳಿ. ಬರೋವಾಗ ಗಾಳಿ ಹಿಂದಿನಿಂದ ತಳ್ಳುತ್ತೆ, ವಿಮಾನ ಬೇಗ ಬರುತ್ತೆ."

ಮೇಷ್ಟ್ರು ದಾರ ಸುತ್ತತೊಡಗಿದರು. ಹೆಂಡತಿ ಸೀರೆಗಳನ್ನು ಹೊರಗೆಳೆದು, "ತಪ್ಪಾಯ್ತು ಕಣ್ರೀ" ಎಂದಳು. ಮೆಕ್ಯಾನಿಕ್ ಮೀಸೆ ತಿರುವಿದ.

"ಇವತ್ತಂತೂ ಗಾಳಿ ಜೋರಿತ್ತು ಸಾರ್" ಹುಡುಗಿ ಇನ್ನೂ ಉತ್ಸಾಹದಲ್ಲಿದ್ದಳು. "ನಿಮ್ಮ ವಿಮಾನ ಬೆಳಗಿನ ಜಾವ ಐದಕ್ಕೇ ಇಳಿದುಬಿಟ್ಟಿದೆ."

ಮೇಷ್ಟ್ರ ಕೈ ನಿಂತಿತು. "ಅಲ್ಲಿಂದ ಮನೆಗೆ ಅರ್ಧ ಗಂಟೆ ದಾರಿ. ಇವರು ಬಂದಿದ್ದು ಒಂಬತ್ತಕ್ಕೆ."

ಲೆಕ್ಕ ಸಿಗದ ಒಂದೂವರೆ ಗಂಟೆ ಹೋಗಿ ಈಗ ಮೂರೂವರೆ ಗಂಟೆಯಾಯಿತು. ಎಲ್ಲರೂ ಅವನನ್ನೇ ನೋಡಿದರು.

ನಿಜ ಏನೆಂದರೆ, ಅಷ್ಟು ಹೊತ್ತೂ ಅವನು ವಿಮಾನ ನಿಲ್ದಾಣದ ಕಬ್ಬಿಣದ ಕುರ್ಚಿಯಲ್ಲಿ ಒಬ್ಬನೇ ಕೂತಿದ್ದ. ತಿಂಗಳಿಂದ ಬೀಡುಬಿಟ್ಟಿದ್ದ ಅತ್ತೆ ಎಂಟರ ಬಸ್ಸಿಗೆ ಹೊರಡುವವರಿದ್ದರು. ಅವರು ಹೋದ ಮೇಲೆಯೇ ಮನೆ ಸೇರೋಣವೆಂದು ಕಾದಿದ್ದ. ಆದರೆ ಆಕೆ ಅಳಿಯನ ಮುಖ ನೋಡಿಯೇ ಹೋಗುವುದೆಂದು ಬಸ್ಸನ್ನೇ ಬಿಟ್ಟು ಉಳಿದಿದ್ದರು. ಇದನ್ನು ಈಗ ಅವರೆದುರಿಗೆ ಹೇಳುವುದು ಹೇಗೆ?

"ಅದು... ಸುಮ್ಮನೆ... ಅಲ್ಲೇ..." ಎಂದು ತೊದಲಿದ.

ಅತ್ತೆ ಬ್ಯಾಗನ್ನು ಮಗಳ ಕಡೆ ತಳ್ಳಿದರು.

"ನನ್ನ ಸೀರೆಗಳನ್ನೂ ತೆಗೆದು ಬೀರುವಿನಲ್ಲಿಡಮ್ಮ. ಇವರ ಬಾಯಿಂದ ನಿಜ ಬರೋವರೆಗೂ ನಾನು ಈ ಮನೆ ಬಿಟ್ಟು ಕದಲಲ್ಲ."