ಮಾವನ ಲಿವರ್ ರಿಪೋರ್ಟು

ನನ್ನ ಸೋದರಮಾವನ ಲಿವರಿನ ಯೋಗಕ್ಷೇಮ ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರಿಗೆಲ್ಲ ಬಾಯಿಪಾಠ! ಉಳಿದವರು ಫೋನು ತೆಗೆದು ಮೊಮ್ಮಕ್ಕಳ ಫೋಟೋ ತೋರಿಸಿದರೆ, ಇವರು ರಕ್ತಪರೀಕ್ಷೆಯ ರಿಪೋರ್ಟು ತೋರಿಸುತ್ತಾರೆ. ಒಮ್ಮೆ ಗೃಹಪ್ರವೇಶಕ್ಕೆಂದು ಐದು ತಾಸು ಡ್ರೈವ್ ಮಾಡಿ ಶಾಮ್‌ಬರ್ಗ್‌ಗೆ ಹೋಗಿ, ಮನೆಯ ಯಜಮಾನರನ್ನು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ನಿಮ್ಮ ಲಿವರ್ ನಂಬರ್ ಎಷ್ಟದ?" ಪಾಪ, ಅವರ ಕೈಯಲ್ಲಿ ಇನ್ನೂ ಪ್ರಸಾದದ ತಟ್ಟೆಯಿತ್ತು!

ಇಂಥ ಆರೋಗ್ಯಶಿರೋಮಣಿ ಹಿತ್ತಲಿನ ಹಳೇ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಕ್ಕಿಗಳ ಹಿಕ್ಕೆಯನ್ನು ಮಾಸ್ಕ್ ಹಾಕದೆ ಗುಡಿಸಿ, ಶ್ವಾಸಕೋಶಕ್ಕೆ ಫಂಗಸ್ ಅಂಟಿಸಿಕೊಂಡರು. ಆನ್ ಆರ್ಬರಿನ ಡಾಕ್ಟರಮ್ಮ ಗುಳಿಗೆ ಬರೆದು, ಹೊಟ್ಟೆ ತುಂಬ ಊಟ ಮಾಡುತ್ತಲೇ ನುಂಗಬೇಕೆಂದರು. ಬೇರೆ ಔಷಧಿ ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಮಾವ ಫಾರ್ಮಿನಲ್ಲಿ ದಪ್ಪಕ್ಷರದಲ್ಲಿ ಬರೆದರು: ಏನೂ ಇಲ್ಲ.

ಎರಡು ವಾರದ ಮೇಲೆ ರಕ್ತ ನೋಡಿದರೆ, ಗುಳಿಗೆಯ ಅಂಶ ಇರಬೇಕಾದಷ್ಟು ಇಲ್ಲ. ಲಿವರ್ ನಂಬರು ಮಾತ್ರ ಏರಿ ಕೂತಿದೆ! ಡಾಕ್ಟರಮ್ಮನಿಗೆ ಚಿಂತೆ. ಔಷಧ ರಕ್ತಕ್ಕೆ ಸೇರದಿದ್ದರೆ ಫಂಗಸ್ ಹೋಗದು, ಲಿವರ್ ಇನ್ನಷ್ಟು ಕೆಟ್ಟರೆ ಗುಳಿಗೆಯನ್ನೇ ನಿಲ್ಲಿಸಬೇಕು. ಆಗ ಮಾವ ಸ್ಟೀಲ್ ಫ್ಲಾಸ್ಕ್ ತೆಗೆದು ಒಂದು ಗುಟುಕು ಕುಡಿದರು.

"ಏನದು?" ಎಂದರು ಡಾಕ್ಟರಮ್ಮ.

"ಅಮೃತಬಳ್ಳಿ ಕಷಾಯ. ದಿನಾ ಮುಂಜಾನೆ ಬರೇ ಹೊಟ್ಟೀಲೆ ಇದರ ಕೂಡಾನ ಗುಳಿಗಿ ನುಂಗ್ತೀನಿ."

ತರ್ಜುಮೆಗೆಂದು ಜೊತೆಗೆ ಹೋಗಿದ್ದ ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿ ಮಾವನತ್ತ ತಿರುಗಿದೆ. "ಮಾಮಾ, ಫಾರ್ಮ್‌ನಾಗ ಯಾಕ ಬರೀಲಿಲ್ಲ?"

"ಲೇ ತಮ್ಮಾ, ಇದೇನು ಔಷಧ ಏನು? ಮನೆಮದ್ದು!"

ಈ ಬಳ್ಳಿಯ ಕಷಾಯ ಕೆಲವರ ಲಿವರಿಗೆ ಆಗಿಬರುವುದಿಲ್ಲ, ಇವತ್ತೇ ನಿಲ್ಲಿಸಿ, ಬರೇ ಹೊಟ್ಟೆಯಲ್ಲಿ ಗುಳಿಗೆ ರಕ್ತಕ್ಕೆ ಸೇರದು, ಊಟದ ಜೊತೆಗೇ ನುಂಗಿ ಎಂದರು ಡಾಕ್ಟರಮ್ಮ. ಲಿವರ್ ಕಾಯಲೆಂದೇ ಕುಡಿಯುತ್ತಿದ್ದ ಕಷಾಯ! ಹೇಗಿದೆ ನೋಡಿ!

ವಾಪಸು ಬರುವಾಗ ಮಾವ ಫ್ಲಾಸ್ಕನ್ನು ಸೀಟಿನ ಕೆಳಗೆ ಸರಿಸಿಟ್ಟರು. ಲಿವರ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದ ಅವಮಾನ ಎಂದುಕೊಂಡೆ. ಮನೆಯ ಎಕ್ಸಿಟ್ ಬಂದಾಗ ಮೆಲ್ಲಗೆ ಹೇಳಿದರು: "ನಿಮ್ಮ ಅತ್ತಿ ಮುಂದ ಹೇಳಬ್ಯಾಡೋ. ಮುಂಜಾನೆ ಐದಕ್ಕೆದ್ದು ಕುದಸ್ತಾಳ. ತನ್ನ ಕೈಯಿಂದನ ಹಿಂಗಾತು ಅಂತ ಕೊರಗ್ತಾಳ."

ಒಳಗೆ ಕಾಲಿಟ್ಟವರೇ ಘೋಷಿಸಿದರು: "ಏ ಕೇಳಿಲ್ಲೆ! ಗುಳಿಗಿ ಮೈಗೆ ಹತ್ತವಲ್ದಂತ. ಇನ್ನ ಮ್ಯಾಲೆ ಕಷಾಯ ಬ್ಯಾಡ, ಬಿಸಿ ರೊಟ್ಟಿ ಪಲ್ಯಾನ ಬೇಕಂತ. ಡಾಕ್ಟರ್ ನಿನ್ನ ಕೈಯಾಗ ಇಟ್ಟಾರ ನನ್ನ!"

ಮೂರು ವಾರ ಕಳೆಯಿತು. ಗುಳಿಗೆಯ ಅಂಶ ಸರಿಯಾಗಿತ್ತು, ಲಿವರ್ ನಂಬರು ಇಳಿದಿತ್ತು. ಊರಿಗೆಲ್ಲ ಹಂಚುವ ಮಾವ ಈ ರಿಪೋರ್ಟನ್ನು ಯಾರಿಗೂ ಕಳಿಸಲಿಲ್ಲ. ಪ್ರಿಂಟ್ ಹಾಕಿಸಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಅದನ್ನು ತಲೆಕೆಳಗಾಗಿ ಹಿಡಿದು ನೋಡಿದರು.

"ಪಾಸಾಗೀರೇನ್ರಿ?"

"ನಾ ಅಲ್ಲ," ಎಂದರು ಮಾವ, "ನೀ ಪಾಸಾಗೀದಿ."