ಒಂದೇ ಪೆಂಡಾಲಿನಲ್ಲಿ ಸಕಲ ಸಂಶೋಧನೆ

ವಿಜ್ಞಾನ, ತಂತ್ರಜ್ಞಾನ, ಸಮಾಜ ಮೂರನ್ನೂ ಒಂದೇ ದಿನ, ಒಂದೇ ಪೆಂಡಾಲಿನಲ್ಲಿ ಕೂರಿಸುವುದು ನನಗೆ ಎಡಗೈ ಕೆಲಸ ಎಂದು ಮನಸಾರೆ ನಂಬಿದ್ದೆ. ಹೊನ್ನಾಳಿಯ ನಮ್ಮ ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರು. ಹದಿನೆಂಟು ವರ್ಷ ಪಾಠ ಹೇಳಿಯೂ ಒಂದೇ ಒಂದು ಶಾಲು ಕಾಣದ ಹೆಗಲು ನನ್ನದು. ಹಾಗಾಗಿ ಪ್ರಾಂಶುಪಾಲರು, "ಬಹುಶಿಸ್ತೀಯ ವಿಚಾರ ಸಂಕಿರಣಕ್ಕೆ ಸಂಚಾಲಕರು ಯಾರಾಗ್ತೀರಿ?" ಎಂದಾಗ ನನ್ನ ಕೈ ನನ್ನನ್ನು ಕೇಳದೆಯೇ ಮೇಲೆದ್ದಿತು.

ಪ್ರಬಂಧಗಳು ಬಂದವು ನೋಡಿ! ಮೆಕ್ಕೆಜೋಳದ ಸೈನಿಕ ಹುಳು, ಸೊಕ್ಕೆ ಕಡೆಯ ಬೋರ್‌ವೆಲ್ ನೀರು, ಔಷಧ ಸಿಂಪಡಿಸುವ ಡ್ರೋನು, ನ್ಯಾಮತಿ ಸೀಮೆಯ ವೀರಗಲ್ಲು, ವಾಟ್ಸಾಪ್ ಮತ್ತು ಅತ್ತೆ-ಸೊಸೆ ಸಂಬಂಧ. ಒಟ್ಟು ಮೂವತ್ತೊಂದು. ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯದು, ನನಗೆ ಮೂವತ್ತೊಂದೂ ತಿಳಿಯದು. ವಿದ್ವತ್ತಿನ ವೈವಿಧ್ಯ ಎಂದರೆ ಇದೇ ಎಂದು ಹಿಗ್ಗಿದೆ.

ಅವುಗಳಲ್ಲಿ ಒಂದು ನಸೀಮಾಳದು. ತ್ಯಾವಣಿಗೆಯ ಹುಡುಗಿ, ನಮ್ಮಲ್ಲೇ ಓದಿ ನಮ್ಮಲ್ಲೇ ಅತಿಥಿ ಉಪನ್ಯಾಸಕಿಯಾದವಳು. ಚನ್ನಗಿರಿ ಕಡೆ ಅಡಿಕೆ ಸುಲಿಯುವ ಹೆಂಗಸರ ಮಣಿಕಟ್ಟಿನ ನೋವು, ಸುಲಿಯುವ ಯಂತ್ರ, ಯಂತ್ರ ಬಂದ ಮೇಲೆ ಆ ಹೆಂಗಸರ ಗತಿ: ಇದು ಆಕೆಯ ಐದು ವರ್ಷದ ಪಿಎಚ್.ಡಿ. ಆಕೆಯ ತಾಯಿ ಫಾತಿಮಾಬಿ ಅಡಿಕೆ ಸುಲಿದೇ ಮಗಳನ್ನು ಓದಿಸಿದವರು.

"ಸಾರ್, ತಿಂಗಳ ಕೊನೆಗೆ ನನ್ನ ನೋಂದಣಿ ಮುಗೀತೈತೆ. ಅಷ್ಟರೊಳಗೆ ವಿಶ್ವವಿದ್ಯಾಲಯದ ತಜ್ಞರ ಮುಂದೆ ಇನ್ನೊಂದು ಪ್ರಬಂಧ ಓದಿ ಸಹಿ ತಗೋಬೇಕು. ಇಲ್ಲಾಂದ್ರೆ ಥೀಸಿಸ್ ಕೊಡಾಕೆ ಬಿಡಲ್ಲ. ನಿಮ್ಮ ಸಂಕಿರಣ ಒಂದೇ ಉಳಿದಿರೋದು."

"ನಿನ್ನದೇ ಮೊದಲ ಪ್ರಬಂಧ! ಇದು ಸಂಚಾಲಕನ ಮಾತು!" ಎಂದು ಎದೆ ತಟ್ಟಿಕೊಂಡೆ.

ಆಹ್ವಾನ ಪತ್ರಿಕೆಯ ಮೊದಲ ಕರಡಿನಲ್ಲಿ ವೇದಿಕೆಗೆ ಐದು ಜನ. ನ್ಯಾಮತಿಯಿಂದ ಫೋನ್ ಬಂತು. "ನಮ್ಮ ತಾಲ್ಲೂಕಿನೋರು ಒಬ್ರೂ ಇಲ್ವಲ್ರೀ, ನಾವೇನು ಮನುಷ್ಯರಲ್ವಾ?" ಇಬ್ಬರನ್ನು ಸೇರಿಸಿದೆ. ಅದು ಕೇಳಿ ಚನ್ನಗಿರಿಯವರು ಮೂವರನ್ನು ಕೇಳಿದರು. ಜಗಳೂರಿನವರು ಏನೂ ಕೇಳಲಿಲ್ಲ, ಮುನಿಸಿಕೊಂಡರು. ಮುನಿಸು ಇನ್ನೂ ಅಪಾಯವೆಂದು ಅವರಿಗೆ ನಾಲ್ಕು ಕೊಟ್ಟೆ. ಆಗ ಉಳಿದ ಮೂರು ತಾಲ್ಲೂಕಿನವರೂ ನಾಲ್ಕು ಎಂದರು, ಆಮೇಲೆ ಐದು ಎಂದರು, ಕೈಮುಗಿದು ಮೂರು ಮೂರಕ್ಕೆ ಇಳಿಸಿದೆ. ಪತ್ರಿಕೆ ಮೂರನೇ ಸಲ ಅಚ್ಚಾಗುವ ಹೊತ್ತಿಗೆ ವೇದಿಕೆಯ ಮೇಲೆ ಇಪ್ಪತ್ತಮೂರು ಜನ ಗಣ್ಯರಿದ್ದರು.

ಹೆಂಡತಿ ಗಿರಿಜಾ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಲ್ರೀ, ಪ್ರಬಂಧ ಓದೋರ ಹೆಸರು ಎಲ್ಲೈತೆ?"

"ಹಿಂದಿನ ಪುಟದಲ್ಲಿ."

"ಅಲ್ಲಿ ಊಟದ ವೇಳೆ ಐತೆ."

"ಅದರ ಕೆಳಗೆ 'ನಂತರ ಪ್ರಬಂಧ ಮಂಡನೆ' ಅಂತಿದೆಯಲ್ಲ!"

"ಹೋಳಿಗೆ ಉಂಡ್ಮೇಲೆ ಯಾರು ಕೂತು ಕೇಳ್ತಾರ್ರೀ? ಪಾಪ, ಆ ನಸೀಮಾನ ಹೆಂಗಾರ ಮಾಡಿ ಬೆಳಿಗ್ಗೇನೇ ಓದಿಸಿಬಿಡ್ರಿ."

"ಇದು ವಿದ್ವತ್ ಸಭೆ ಕಣೇ, ಇದಕ್ಕೊಂದು ಶಿಷ್ಟಾಚಾರ ಇದೆ" ಎಂದು ಗಾಂಭೀರ್ಯದಿಂದ ನುಡಿದೆ.

ಆ ದಿನ ಹತ್ತಕ್ಕೆ ಶುರುವಾಗಬೇಕಿದ್ದ ಸಭೆ ಹನ್ನೆರಡಕ್ಕೆ ಶುರುವಾಯಿತು. ಜಗಳೂರಿನ ಗಣ್ಯರ ಕಾರು ದಾರಿಯಲ್ಲಿ ಪಂಚರ್ ಆಗಿತ್ತು, ಅವರನ್ನು ಬಿಟ್ಟು ದೀಪ ಹಚ್ಚುವ ಧೈರ್ಯ ನನಗಿರಲಿಲ್ಲ. ಆಮೇಲೆ ಸ್ವಾಗತ. ತಲೆಗೊಂದು ಪೇಟ, ಹೆಗಲಿಗೊಂದು ಶಾಲು, ಕೊರಳಿಗೊಂದು ಅಡಿಕೆ ಹಾರ. ಇಪ್ಪತ್ತಮೂರು ಸಲ! ಇಷ್ಟರಲ್ಲಿ ಗೋವಿನಕೋವಿಯ ಹಿರಿಯರೊಬ್ಬರ ಹೆಸರು ನನ್ನ ಬಾಯಿಂದ ತಪ್ಪಿಹೋಯಿತು. ಅವರು ಸರ್ರನೆ ಎದ್ದು ಹೊರಟರು. ನಾನು ಗೇಟಿನವರೆಗೂ ಓಡಿ, ಕೈಮುಗಿದು ಕರೆತಂದು, ಪರಿಹಾರವಾಗಿ ಎರಡು ಶಾಲು ಹೊದಿಸಿದೆ. ಆಗ ಉಳಿದ ಇಪ್ಪತ್ತೆರಡು ಜನರಿಗೆ ತಮ್ಮ ಹೆಗಲಿಗೆ ಬಿದ್ದದ್ದು ಒಂದೇ ಎಂಬುದು ಕಂಡಿತು!

ಎಲ್ಲರೂ "ಎರಡೇ ಮಾತು" ಎಂದು ಶುರು ಮಾಡಿದರು. ಎರಡಕ್ಕೆ ನಿಲ್ಲಿಸಲು ಅಲ್ಲಿ ಯಾರಿಗೂ ಬರಲಿಲ್ಲ. ಊಟ ಮುಗಿದಾಗ ಮೂರು ಗಂಟೆ. ವಿದ್ಯಾರ್ಥಿಗಳು ಬಸ್ ಸ್ಟ್ಯಾಂಡಿನಲ್ಲಿದ್ದರು, ಗಣ್ಯರು ಎಲೆ ಅಡಿಕೆ ತಟ್ಟೆಯ ಸುತ್ತ ಇದ್ದರು.

ಸಮಯ ಉಳಿಸಲು ನಾನೊಂದು ಮಹೋನ್ನತ ಉಪಾಯ ಮಾಡಿದೆ. ಪೆಂಡಾಲಿನ ಮೂರು ಮೂಲೆಯಲ್ಲಿ ಮೂರು ಗುಂಪು, ಒಂದೊಂದಕ್ಕೂ ಒಬ್ಬ ಅಧ್ಯಕ್ಷರು. ವಿಜ್ಞಾನ ಇಲ್ಲಿ, ತಂತ್ರಜ್ಞಾನ ಅಲ್ಲಿ, ಸಮಾಜ ಅತ್ತ. ಯಾವ ಪ್ರಬಂಧವೂ ಎರಡು ಕಡೆ ಸೇರತಕ್ಕದ್ದಲ್ಲ ಎಂದು ಮೈಕಿನಲ್ಲಿ ಸಾರಿದೆ.

ನಸೀಮಾ ಮೊದಲು ವಿಜ್ಞಾನಕ್ಕೆ ಹೋದಳು. "ನೋವು ನಮ್ಮದು ಸರಿ, ಆದ್ರೆ ಯಂತ್ರ ಐತಲ್ಲಮ್ಮ, ಆ ಕಡೆ ಹೋಗು" ಎಂದರು. ತಂತ್ರಜ್ಞಾನದವರು, "ಯಂತ್ರ ನಮ್ಮದು. ಹೆಂಗಸರು ನಮಗೆ ಬರಲ್ಲ" ಎಂದರು. ಸಮಾಜದವರು ಹಾಳೆ ತಿರುವಿ, "ಇದರಾಗೆ ನರ, ಸ್ನಾಯು ಅಂತೆಲ್ಲ ಬರೆದೀಯ. ಇದು ಪಕ್ಕಾ ವಿಜ್ಞಾನ" ಎಂದರು. ಮೂರೂ ಶಾಸ್ತ್ರ ಒಂದೇ ಕಡೆ ಕೂಡಿಬಂದ ಪ್ರಬಂಧ ಆ ದಿನ ಅದೊಂದೇ, ಅದಕ್ಕೇ ಕೂರಲು ಜಾಗವಿರಲಿಲ್ಲ.

"ಸಾರ್, ವಿಶ್ವವಿದ್ಯಾಲಯದಿಂದ ಬಂದಿರೋ ತಜ್ಞರು ನಾಲ್ಕೂವರೆಗೆ ಹೊರಡ್ತಾರಂತೆ" ಎಂದು ಓಡಿ ಬಂದಳು. ಗಂಟೆ ನಾಲ್ಕೂಕಾಲು. ಹಿಂದೆ ಫಾತಿಮಾಬಿ ಸೆರಗಿನ ತುದಿ ಹಿಡಿದು ನಿಂತಿದ್ದರು.

"ಹೆದರಬೇಡ. ಅವರನ್ನೇ ವೇದಿಕೆಯಲ್ಲಿ ಕೂರಿಸಿ ನಿನ್ನಿಂದ ಓದಿಸ್ತೀನಿ" ಎಂದು ತಿರುಗಿದೆ. ಅಷ್ಟರಲ್ಲೇ ಮೈಕು ಗುಡುಗಿತು: "ಈಗ ನಮ್ಮ ಸಂಚಾಲಕರಿಗೆ ವಿಶ್ವವಿದ್ಯಾಲಯದ ತಜ್ಞರಿಂದ ಸನ್ಮಾನ!"

ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ತಜ್ಞರು ಪೇಟ ತೊಡಿಸಿ ಶಾಲು ಹೊದಿಸಿದರು. ಪೇಟ ವಾರೆಯಾಗಿದೆ ಎಂದು ಫೋಟೋದವನು ಹೇಳಿದ, ಮತ್ತೊಂದು ಸಲ ಹೊದಿಸಿಕೊಂಡೆ. ಪ್ರಾಂಶುಪಾಲರೂ ಫೋಟೋದಲ್ಲಿ ಇರಲಿ ಎಂದು ನಾನೇ ಕೂಗಿ ಕರೆದು ಮೂರನೇ ಸಲ ಹೊದಿಸಿಕೊಂಡೆ. ತಜ್ಞರು ಗಡಿಯಾರ ನೋಡಿ ಕೆಳಗಿಳಿದರು.

ನಸೀಮಾ ಕಾರಿನ ಹತ್ತಿರ ಓಡಿದಳು. "ಕೇಳದೆ ಹೇಗಮ್ಮ ಸಹಿ ಹಾಕಲಿ? ನನಗೂ ರೈಲು ತಪ್ಪುತ್ತೆ" ಎಂದರು. ಅವರದು ನ್ಯಾಯವಾದ ಮಾತೇ. ಕಾರು ಹೋಯಿತು. ನಾನು ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಸೀಮಾಳ ಹತ್ತಿರ ಹೋದೆ.

"ಪ್ರಬಂಧ ಓದಿದೆ ಅನ್ನೋ ಪ್ರಮಾಣಪತ್ರಕ್ಕೆ ಬೇಕಾದರೆ ನಾನೇ ಸಹಿ..." ಎಂದು ತೊದಲಿದೆ.

"ಓದದೇ ಓದಿದ್ದೀನಿ ಅಂತ ಹೆಂಗೆ ತಗೊಳ್ಳಲಿ ಸಾರ್?"

ಫಾತಿಮಾಬಿ ಖಾಲಿಯಾಗಿದ್ದ ಮುಂದಿನ ಸಾಲಿನ ಸೋಫಾದಲ್ಲಿ ಕೂತರು. "ನೀ ಓದು ಬೇಟಿ. ನಾನು ಕೇಳಾಕೆ ಅಂತಾನೇ ಬಂದೀನಿ."

ನಸೀಮಾ ವೇದಿಕೆ ಹತ್ತಿದಳು. ಮೈಕಿನವನು ಆಗಲೇ ವೈರು ಸುತ್ತುತ್ತಿದ್ದ. ಇಪ್ಪತ್ತು ನಿಮಿಷ, ಒಂದು ಸಾಲೂ ಬಿಡದೆ ಓದಿದಳು. ಫಾತಿಮಾಬಿ ನಡುನಡುವೆ ಬಲಗೈ ಮಣಿಕಟ್ಟನ್ನು ಎಡಗೈಯಿಂದ ನೀವಿಕೊಳ್ಳುತ್ತಾ ತಲೆಯಾಡಿಸುತ್ತಿದ್ದರು.

ತಿಂಗಳ ಕೊನೆಗೆ ನೋಂದಣಿ ರದ್ದಾಯಿತು. ಐದು ವರ್ಷ ನೀರಿನಲ್ಲಿ ಹೋಯಿತು. ನಾನು ಕಾಲೇಜಿಗೆ ಸಲ್ಲಿಸಿದ ವರದಿಯಲ್ಲಿ "ಮೂವತ್ತೊಂದು ಪ್ರಬಂಧಗಳು ಯಶಸ್ವಿಯಾಗಿ ಮಂಡನೆಯಾದವು" ಎಂದಿದೆ. ಮೊನ್ನೆ ನಸೀಮಾ ಫೋನ್ ಮಾಡಿದ್ದಳು. ಬೈಯಲಿಲ್ಲ. "ಅಮ್ಮನ ಜೊತೆ ನೀವಾದ್ರೂ ಕೂತು ಕೇಳಿದ್ರಲ್ಲ ಸಾರ್" ಎಂದಳು.

ಗಿರಿಜಾ ಪಕ್ಕದಲ್ಲೇ ಇದ್ದಳು. "ಅಷ್ಟು ಕಷ್ಟಪಟ್ಟು ಬರೆದಿದ್ಲಲ್ಲ, ಅದರಾಗೆ ಏನು ಹೇಳಿದ್ಲು, ನನಗೂ ಹೇಳ್ರಿ" ಎಂದಳು.

ಆ ಇಪ್ಪತ್ತು ನಿಮಿಷ ನಾನು ಎರಡನೇ ಸಾಲಿನಲ್ಲಿ ಕೂತು ಪೆಂಡಾಲಿನವರು ಒಯ್ಯುತ್ತಿದ್ದ ಬಾಡಿಗೆ ಕುರ್ಚಿಗಳನ್ನು ಎಣಿಸುತ್ತಿದ್ದೆ. ಇನ್ನೂರು. ಒಂದೂ ಕಮ್ಮಿ ಬರಲಿಲ್ಲ!