ನಾನೊಬ್ಬಳೇ ಹೊರಟ ಥೀಮ್ ಪಾರ್ಕು

ಕಾಲೇಜಿಗೆ ಹೋಗುವ ಮಗಳಿರುವ ಗೃಹಿಣಿಯೊಬ್ಬಳು ಒಬ್ಬಳೇ ಥೀಮ್ ಪಾರ್ಕಿಗೆ ಹೋಗಿ ನೀರಿನ ಜಾರುಬಂಡೆಯಲ್ಲಿ ಜಾರಿ ಬರಲು ಈ ದೇಶದಲ್ಲಿ ಯಾವ ಅಡ್ಡಿಯೂ ಇಲ್ಲ. ನಾನೇ ಪಾರ್ಕಿನವರಿಗೆ ಫೋನ್ ಮಾಡಿ ವಿಚಾರಿಸಿದ್ದೆ. "ಒಬ್ರೇನಾ ಮೇಡಂ?" ಎಂದು ಆ ಹುಡುಗಿ ಎರಡು ಸಲ ಕೇಳಿದಳು, ಅಷ್ಟೆ.

ನನ್ನ ಆಸೆ ಬಹಳ ಸಣ್ಣದು. ಒಂದು ಸಲ ಗಂಟಲು ಬಿಟ್ಟು ಕಿರುಚಬೇಕು. ಕಾನ್ವೆಂಟಿನ ಸಿಸ್ಟರುಗಳು ಮೆಲ್ಲಗೆ ಮಾತಾಡಲು ಕಲಿಸಿದರು, ಅದೇ ಅಭ್ಯಾಸವಾಗಿ ಹೋಯಿತು. ಉರಿಗಾಮಿನ ನಮ್ಮ ಮನೆಯೋ, ಹಳೆಯ ಚಿನ್ನದ ಗಣಿ ಕಾರ್ಮಿಕರ ಸಾಲುಮನೆ. ನಾನು ಸೀನಿದರೆ ಪಕ್ಕದ ಮನೆಯ ಸೆಲ್ವಿ ಅಕ್ಕ ಗೋಡೆಯಾಚೆಯಿಂದಲೇ "ಕಷಾಯ ಕುಡಿ ಕಣ್ಣು" ಎಂದು ತಮಿಳಿನ ಮುದ್ದು ಸೇರಿಸಿ ಹೇಳುತ್ತಾರೆ. ಅಂಥ ಕಡೆ ಕಿರುಚುವುದು ಹೇಗೆ? ಜಾರುಬಂಡೆಯ ಮೇಲಾದರೆ ಎಲ್ಲರೂ ಕಿರುಚುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಪರಿಚಯದವರು ಮಾತ್ರ ಒಬ್ಬರೂ ಇರಬಾರದು.

ಯಜಮಾನರು ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದಾಗ ವಿಷಯ ಮಂಡಿಸಿದೆ. "ಗುರುವಾರ ನಾನೊಬ್ಬಳೇ ಥೀಮ್ ಪಾರ್ಕಿಗೆ ಹೋಗಿ ಬರ್ತೀನಿ."

"ಊಂ" ಎಂದರು.

ನಮ್ಮ ದಾಂಪತ್ಯದಲ್ಲಿ ಈ 'ಊಂ' ಸರ್ಕಾರಿ ಮಂಜೂರಾತಿಗೆ ಸಮ. ನಾನು ತಯಾರಿಗಿಳಿದೆ.

ಪಾರ್ಕಿನ ನಿಯಮಗಳನ್ನು ಮೊಬೈಲಿನಲ್ಲಿ ಕೊನೆಯ ಸಾಲಿನವರೆಗೆ ಓದಿದ ಭಾರತೀಯ ಪ್ರಜೆ ಬಹುಶಃ ನಾನೊಬ್ಬಳೇ. ಬದಲಿ ಬಟ್ಟೆ ತನ್ನಿ. ಬ್ಯಾಗಿಗೆ ಹಾಕಿಕೊಂಡೆ. ಆಭರಣ ಧರಿಸಬೇಡಿ. ಬಳೆ, ಓಲೆ ಬಿಚ್ಚಿದೆ. ಕೊನೆಗೆ ತಾಳಿ ಸರವನ್ನೂ ತೆಗೆದೆ. ನಿಯಮ ಎಂದ ಮೇಲೆ ನಿಯಮ.

ಬೀಗ ಹಾಕಿದ ಮನೆಯಲ್ಲಿ ಚಿನ್ನ ಬಿಡುವುದು ನಮ್ಮ ಸಾಲಿನಲ್ಲಿ ರೂಢಿಯಲ್ಲ. ಅದು ಸೆಲ್ವಿ ಅಕ್ಕನ ಅಕ್ಕಿ ಡಬ್ಬಿಗೆ ಹೋಗಬೇಕು. ಗುರುವಾರ ಬೆಳಿಗ್ಗೆ ಯಜಮಾನರು ಫ್ಯಾಕ್ಟರಿಯ ಮೊದಲ ಶಿಫ್ಟಿಗೆ ಹೋದ ಮೇಲೆ ಎಲ್ಲವನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿ, ಬಟ್ಟೆಯ ಬ್ಯಾಗು ಹೆಗಲಿಗೇರಿಸಿ ಅವರ ಬಾಗಿಲಿಗೆ ಹೋದೆ. ಅಕ್ಕ ಈರುಳ್ಳಿ ಹೆಚ್ಚುತ್ತಿದ್ದರು. ಗಂಟು ಬಿಚ್ಚಿ ನೋಡಿ ನನ್ನ ಬರಿಗತ್ತು ನೋಡಿದರು.

"ಏನಾಚ್ಚು ಕಣ್ಣು? ಎಲ್ಲಿಗೆ ಓಗ್ತಾ ಇದೀಯಾ?"

ಈ ವಯಸ್ಸಿನಲ್ಲಿ ಜಾರುಬಂಡೆ ಎನ್ನಲು ನಾಚಿಕೆಯಾಯಿತು. "ಸ್ವಲ್ಪ ದೂರ ಅಕ್ಕ."

"ಯಾರ ಜೊತೆ?"

"ಒಬ್ಬಳೇ. ಯಾರೂ ಬೇಡ ಅನ್ನಿಸ್ತು."

"ಅವ್ರಿಗೆ ಊಟ?"

"ಸಾರು ಮಾಡಿಟ್ಟಿದೀನಿ. ಅಭ್ಯಾಸ ಆಗ್ಲಿ ಬಿಡಿ."

ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಸೂಕ್ಷ್ಮವಾಗಿ ಗಮನಿಸುವವಳು ನಾನು. ಈರುಳ್ಳಿ ಬಹಳ ಖಾರವಿರಬೇಕು ಎಂದುಕೊಂಡೆ.

ರೈಲಿನಲ್ಲಿ ಕಿಟಕಿ ಪಕ್ಕವೇ ಸೀಟು ಸಿಕ್ಕಿತು. ಕೋರಮಂಡಲ್ ಸ್ಟೇಷನ್ ದಾಟುವಾಗ ಬಾಯಿ ಸ್ವಲ್ಪ ತೆರೆದು, ಸದ್ದಿಲ್ಲದೆ, ಕಿರುಚುವ ಅಭ್ಯಾಸವನ್ನೂ ಮಾಡಿದೆ. ಎದುರಿಗಿದ್ದವರು ಜಾಗ ಬದಲಿಸಿದರು.

ಬಂಗಾರಪೇಟೆಯಲ್ಲಿ ರೈಲು ನಿಂತಿತು. ಪ್ಲಾಟ್‌ಫಾರಂ ಮೇಲೆ, ಪ್ರತಿ ಕಿಟಕಿಗೂ ಇಣುಕುತ್ತ ಒಬ್ಬ ಮುದುಕಿ ಓಡಿ ಬರುತ್ತಿದ್ದರು. ಪಾಪ, ಯಾರನ್ನು ಹುಡುಕುತ್ತಿದ್ದಾರೋ ಎಂದು ಮರುಗಿದೆ. ಹತ್ತಿರ ಬಂದ ಮೇಲೆ ನೋಡಿದರೆ ನಮ್ಮ ಚಿಕ್ಕತ್ತೆ! ಯಜಮಾನರನ್ನು ಸಾಕಿದವರು, ಬಂಗಾರಪೇಟೆಯಲ್ಲೇ ಇರುವವರು. ಸೆಲ್ವಿ ಅಕ್ಕ ಅವರಿಗೂ ಯಜಮಾನರಿಗೂ ಫೋನ್ ಮಾಡಿ "ತಾಳಿ ಬಿಚ್ಚಿಟ್ಟು ಓಗ್ಬಿಟ್ಳು" ಎಂದಿದ್ದರಂತೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಚಿಕ್ಕತ್ತೆ ಒಳಗೆ ಹತ್ತಿ ನನ್ನ ಬ್ಯಾಗು ಕಿತ್ತುಕೊಂಡು ಇಳಿದರು. ಬ್ಯಾಗಿನ ಹಿಂದೆ ನಾನೂ ಇಳಿದೆ. ರೈಲು ಹೊರಟುಹೋಯಿತು.

"ಏನಮ್ಮಾ, ನಮ್ ಉಡ್ಗ ಕುಡ್ದು ಬಂದ್ನಾ? ಯಾವಳನ್ನಾನ ಇಟ್ಕೊಂಡವ್ನಾ? ಅದೇನಂತ ಏಳು, ಇಲ್ಲೇ ತೀರ್ಮಾನ ಮಾಡಾಣ."

"ಹಾಗೇನಿಲ್ಲ ಅತ್ತೆ, ದಯವಿಟ್ಟು ಕೇಳಿ..."

"ಎಂಗಸ್ರು ಯಾರಾನ ಒಬ್ರೇ ಓಗ್ತಾರಾ?"

ನನ್ನ ಮೆಲ್ಲನೆಯ ದನಿ ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಯಜಮಾನರು ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಸ್ಕೂಟರ್ ಹೊಡೆದುಕೊಂಡು ಬಂದರು. ಮುಖ ಬಿಳಿಚಿತ್ತು. "ತಪ್ಪಾಯ್ತು ಕಣೇ" ಎಂದರು. ಏನು ತಪ್ಪು ಎಂದು ಅವರಿಗೂ ಗೊತ್ತಿರಲಿಲ್ಲ. ಸುತ್ತ ಜನ ಸೇರಿದರು. ಟೀ ಮಾರುವವನೊಬ್ಬ "ಮಕ್ಕಳ ಮುಖ ನೋಡ್ಕೊಂಡು ಒಂದಾಗಿ ಅಕ್ಕ" ಎಂದು ಬುದ್ಧಿ ಹೇಳಿದ.

ಆಗ ಅದು ಬಂತು. ಹೊಟ್ಟೆಯಿಂದ, ಎದೆಯಿಂದ, ಇಷ್ಟು ವರ್ಷದ ಕಾನ್ವೆಂಟನ್ನೆಲ್ಲ ಪಕ್ಕಕ್ಕೆ ತಳ್ಳಿ ಬಂತು.

"ನಂಗೆ ಜಾರುಬಂಡೆ ಆಡ್ಬೇಕು!"

ಪ್ಲಾಟ್‌ಫಾರಂ ಮೇಲೆ ಮಲಗಿದ್ದ ನಾಯಿಯೊಂದು ಎದ್ದು ದೂರ ಹೋಗಿ ಮಲಗಿತು.

"ತಲೆಗೇನೋ ಆಗೈತೆ ಕಣ್ಲಾ" ಎಂದರು ಚಿಕ್ಕತ್ತೆ. "ಡಾಕ್ಟ್ರಿಗೆ ತೋರ್ಸು."

ಎಲ್ಲವನ್ನೂ ವಿವರಿಸಿದೆ. ನೀರು, ಜಾರುಬಂಡೆ, ಆಭರಣದ ನಿಯಮ. ಯಜಮಾನರು "ನಂಗ್ಯಾವಾಗೇಳ್ದೆ?" ಎಂದರು.

"ಟೀವಿ ನೋಡ್ತಿದ್ರಿ. ಊಂ ಅಂದ್ರಿ."

ಚಿಕ್ಕತ್ತೆ ಯಜಮಾನರ ಕಡೆ ತಿರುಗಿ, ಸೇರಿದ ಜನಕ್ಕೆಲ್ಲ ತೃಪ್ತಿಯಾಗುವಷ್ಟು ಬೈದರು. ನಂತರ ತೀರ್ಪು ಕೊಟ್ಟರು. "ಬಾನುವಾರ ಎಲ್ರೂ ಓಗಾಣ. ಅದ್ಯಾವ ಜಾರುಬಂಡೆನೋ ನಾನೂ ನೋಡ್ತೀನಿ."

ಹೀಗೆ ನನ್ನ ಏಕಾಂತದ ದಿನಕ್ಕೆ ಒಂದು ವ್ಯಾನು ಗೊತ್ತಾಯಿತು. ಸೆಲ್ವಿ ಅಕ್ಕನ ಮನೆಯವರು, ಅವರಾಚೆ ಮನೆಯವರು, ಅವರ ಮನೆಗೆ ಬಂದಿದ್ದ ನೆಂಟರು, ಎಲ್ಲರೂ ಬಂದರು. ಜಾರುಬಂಡೆಯ ರಬ್ಬರ್ ದೋಣಿಯಲ್ಲಿ ನನ್ನ ಮುಂದೆ ಸೆಲ್ವಿ ಅಕ್ಕ, ಹಿಂದೆ ಚಿಕ್ಕತ್ತೆ. ತಳ್ಳಿದರು. ಚಿಕ್ಕತ್ತೆ ಮೇಲಿಂದ ಕೆಳಗಿನವರೆಗೂ ಕನ್ನಡ, ತೆಲುಗು ಎರಡರಲ್ಲೂ ಕಿರುಚಿದರು. ನಾನು ಕಿರುಚಿದೆನೋ ಇಲ್ಲವೋ, ನನಗೇ ಕೇಳಿಸಲಿಲ್ಲ.

"ಏನ್ ಕಣ್ಣು, ಸದ್ದೇ ಇಲ್ಲ?" ಎಂದರು ಸೆಲ್ವಿ ಅಕ್ಕ, ಜಡೆ ಹಿಂಡಿಕೊಳ್ಳುತ್ತ. "ಸ್ಟೇಷನ್‌ನಲ್ಲಿ ಚೆನ್ನಾಗಿ ಕಿರುಚ್ದೆ ಅಂತ ಏಳಿದ್ರು."

ಅಷ್ಟರಲ್ಲಿ ಚಿಕ್ಕತ್ತೆ ಮತ್ತೆ ಮೆಟ್ಟಿಲು ಹತ್ತುತ್ತಿದ್ದರು. ಜೊತೆಗೆ ಬರುತ್ತೇನೆಂದು ಹಿಂದೆ ಓಡಿದೆ.

"ಯಾರೂ ಬರ್ಬೇಡಿ" ಎಂದರು. "ಒಬ್ಳೇ ಓದ್ರೇನೇ ಮಜ."

ಯಾರೂ ಅಡ್ಡಿ ಮಾಡಲಿಲ್ಲ. ನಾನು ಅವರು ಕಳಚಿ ಕೊಟ್ಟ ಹಲ್ಲಿನ ಸೆಟ್ಟನ್ನು ಅಂಗೈಯಲ್ಲಿ ಜೋಪಾನವಾಗಿ ಹಿಡಿದುಕೊಂಡು ಕೆಳಗೆ ಕಾಯುತ್ತ ನಿಂತೆ.